ಟ್ರ್ಯಾಕಿಗೆ ಹೊರಟ ಕಾರು ಯಾರ ಖಾತೆಯಲ್ಲಿದೆ?

ಪ್ರತಿವರ್ಷ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಲೆಕ್ಕ ಪರಿಶೋಧಕರ ಕಚೇರಿಗೆ ಬರುವ ಪ್ರಶ್ನೆಗಳು ನೂರಾರು ಇದ್ದರೂ ಅವುಗಳ ತಿರುಳು ಒಂದೇ: “ಇದನ್ನು ಸಂಸ್ಥೆಯ ಖರ್ಚಿಗೆ ಹಾಕಬಹುದೇ?” ಗೃಹಪ್ರವೇಶದ ಊಟದಿಂದ ಹಿಡಿದು ತಿರುಪತಿ ಯಾತ್ರೆಯ ಪೆಟ್ರೋಲಿನವರೆಗೆ ಎಲ್ಲವನ್ನೂ ‘ವ್ಯಾಪಾರ ಅಭಿವೃದ್ಧಿ ವೆಚ್ಚ’ ಎಂಬ ಒಂದೇ ಶೀರ್ಷಿಕೆಯಡಿ ತುಂಬಿಸಿ ತಂದವರನ್ನು ಕಳೆದ ಮೂವತ್ತು ವರ್ಷಗಳಲ್ಲಿ ಕಂಡಿದ್ದೇನೆ. ಆದರೆ ರೇಸ್ ಟ್ರ್ಯಾಕಿನ ಪ್ರವೇಶ ಶುಲ್ಕದ ರಸೀದಿಯೊಂದು ನನ್ನ ಮೇಜಿನ ಮೇಲೆ ಬಂದದ್ದು ಇತ್ತೀಚಿನ ವರ್ಷಗಳಲ್ಲಿಯೇ. ಈಗ ಅಂತಹ ರಸೀದಿಗಳು ಮತ್ತೆ ಮತ್ತೆ ಬರುತ್ತಿವೆ. ಸದಸ್ಯ ಬಾಂಧವರಲ್ಲಿ ಎರಡನೆಯ ತಲೆಮಾರಿನವರು ಕಾರ್ಖಾನೆಯ ಆಡಳಿತ ವಹಿಸಿಕೊಂಡಿರುವ ಈ ಕಾಲದಲ್ಲಿ, ಐಷಾರಾಮಿ ಕ್ರೀಡಾ ಕಾರನ್ನು ಕೊಳ್ಳುವುದೂ ಅದನ್ನು ವರ್ಷಕ್ಕೆ ಎರಡು ಮೂರು ಬಾರಿ ‘ಟ್ರ್ಯಾಕ್ ಡೇ’ಗೆ ಒಯ್ಯುವುದೂ ಹವ್ಯಾಸವಾಗಿ ಬೆಳೆಯುತ್ತಿರುವುದರಿಂದ, ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ಮೊದಲಿಗೆ, ತಿಳಿಯದವರಿಗಾಗಿ. ಟ್ರ್ಯಾಕ್ ಡೇ ಎಂದರೆ ಪಂದ್ಯವಲ್ಲ. ಸಂಘಟಕರು ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆಯುತ್ತಾರೆ. ಕಾರಿನ ಮಾಲೀಕರು ಶುಲ್ಕ ಕೊಟ್ಟು ತಮ್ಮ ತಮ್ಮ ಕಾರುಗಳನ್ನು ಹದಿನೈದು ಇಪ್ಪತ್ತು ನಿಮಿಷಗಳ ಸರದಿಯಂತೆ ಓಡಿಸುತ್ತಾರೆ. ಗೆದ್ದವರಿಲ್ಲ, ಬಹುಮಾನವಿಲ್ಲ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ 1927ರಲ್ಲಿ ತೆರೆದ, ಇಂದಿಗೂ 20 ಕಿ.ಮೀ.ಗೂ ಹೆಚ್ಚು ಉದ್ದವಿರುವ ಪಥದಲ್ಲಿ ಸಾರ್ವಜನಿಕರು ಸುಂಕ ಕೊಟ್ಟು ಸ್ವಂತ ಕಾರನ್ನು ಓಡಿಸುವ ಪದ್ಧತಿ ಬಹು ಹಳೆಯದು. ನಮ್ಮಲ್ಲಿ ಇದಕ್ಕೆ ತಕ್ಕ ಸ್ಥಳಗಳು ಬೆರಳೆಣಿಕೆಯಷ್ಟೇ. ಮದರಾಸಿನ ಬಳಿ ಶ್ರೀಪೆರಂಬುದೂರಿನ ಇರುಂಗಾಟ್ಟುಕೋಟ್ಟೈಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1990ರಲ್ಲಿ ತೆರೆದ ಸುಮಾರು 3.7 ಕಿ.ಮೀ. ಟ್ರ್ಯಾಕ್, ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಸುಮಾರು 2.1 ಕಿ.ಮೀ.ಯ ಕರಿ ಮೋಟಾರ್ ಸ್ಪೀಡ್‌ವೇ, ಗ್ರೇಟರ್ ನೋಯ್ಡಾದಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್ – ಇವೇ ಹೆಚ್ಚು ಪರಿಚಿತವಾದವು. ನಮ್ಮ ರಾಜ್ಯದ ಹವ್ಯಾಸಿಗಳು ಬಹುಮಟ್ಟಿಗೆ ಮೊದಲಿನ ಎರಡಕ್ಕೆ ಹೋಗುತ್ತಾರೆ. (ಬುದ್ಧ ಸರ್ಕ್ಯೂಟಿನ ಹೆಸರು ನಮ್ಮ ವೃತ್ತಿಯವರಿಗೆ ಪರಿಚಿತವಾದದ್ದು ಬೇರೆ ಕಾರಣದಿಂದ. ಮೂರು ದಿನಗಳ ಓಟಕ್ಕಾಗಿ ಬಂದುಹೋಗುವ ವಿದೇಶಿ ಸಂಸ್ಥೆಗೆ ಆ ಟ್ರ್ಯಾಕೇ ಭಾರತದಲ್ಲಿನ ಕಾಯಂ ವ್ಯವಹಾರ ಸ್ಥಳ ಎಂದು ಸರ್ವೋಚ್ಚ ನ್ಯಾಯಾಲಯ 2017ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು.)

ಇನ್ನು ನಾನು ಹೇಳಬೇಕಾದ ಪ್ರಸಂಗ. ಕಕ್ಷಿದಾರರ ವಿವರಗಳನ್ನು ಅನುಮತಿಯಿಲ್ಲದೆ ಹೊರಗೆಡಹುವುದು 1949ರ ನಮ್ಮ ಕಾಯ್ದೆಯಂತೆ ವೃತ್ತಿದೋಷ. ಆದ್ದರಿಂದ ಇಬ್ಬರೂ ಪಾಲುದಾರರ ಒಪ್ಪಿಗೆ ಪಡೆದು, ಹೆಸರು, ಊರು, ಕಾರಿನ ಗುರುತುಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ತಂದೆ ಎರಡು ಲೇತ್‌ಗಳಿಂದ ಆರಂಭಿಸಿದ ಬಿಡಿಭಾಗಗಳ ತಯಾರಿಕಾ ಘಟಕವನ್ನು ಇಬ್ಬರು ಸಹೋದರರು ಪಾಲುದಾರಿಕೆಯಲ್ಲಿ ನಡೆಸುತ್ತಿದ್ದಾರೆ. ಹಿರಿಯರು ಬೆಳಿಗ್ಗೆ ಎಂಟಕ್ಕೆ ಯಂತ್ರದ ಬಳಿ ನಿಲ್ಲುವವರು. ಕಿರಿಯರು ಮಾರಾಟ, ಗ್ರಾಹಕರು, ಬ್ಯಾಂಕು ನೋಡಿಕೊಳ್ಳುವವರು. 2022ರ ಫೆಬ್ರವರಿಯಲ್ಲಿ ಕಿರಿಯರು ಹಿಂದೊಮ್ಮೆ ಆಮದಾಗಿ ಬಂದಿದ್ದ, ಎರಡೇ ಆಸನಗಳ ಕ್ರೀಡಾ ಕಾರೊಂದನ್ನು ಬಳಸಿದ ಸ್ಥಿತಿಯಲ್ಲಿ ಸಂಸ್ಥೆಯ ಹೆಸರಿನಲ್ಲಿಯೇ, ಬ್ಯಾಂಕಿನ ಸಾಲದಿಂದ ಕೊಂಡರು. “ಸಾರ್, ದೊಡ್ಡ ಗ್ರಾಹಕರು ಬಂದಾಗ ಒಂದು ತೋರಿಕೆ ಇರುತ್ತದೆ, ಸವಕಳಿಯೂ ಸಿಗುತ್ತದೆ” ಎಂದರು. ನಾನು ಹಿರಿಯರ ಮುಖ ನೋಡಿದೆ. “ತಮ್ಮ ಆಸೆಪಟ್ಟಿದ್ದಾನೆ ಆಡಿಟರೇ, ಬೇಡ ಅನ್ನಲು ಮನಸ್ಸು ಬರಲಿಲ್ಲ” ಎಂದು ಅವರು ಮಾತು ಮುಗಿಸಿದರು. ಆ ವರ್ಷ ಅವರು ಕೊಳ್ಳಬೇಕೆಂದಿದ್ದ ಒಂದು ಸಿ.ಎನ್.ಸಿ. ಯಂತ್ರ ಮುಂದಿನ ವರ್ಷಕ್ಕೆ ಹೋಯಿತು.

ಇಲ್ಲಿ ಕಾನೂನನ್ನು ಸ್ವಲ್ಪ ನೋಡೋಣ. ವಿದೇಶಿ ಕಾರಿನ ಬಗ್ಗೆ ನಮ್ಮ ಆದಾಯ ತೆರಿಗೆ ಕಾನೂನಿಗೆ ಹಳೆಯ ಮುನಿಸೊಂದಿತ್ತು. 1975ರ ಫೆಬ್ರವರಿ 28ರ ನಂತರ, 2001ರ ಏಪ್ರಿಲ್ 1ಕ್ಕೆ ಮೊದಲು ಕೊಂಡ ವಿದೇಶಿ ತಯಾರಿಕೆಯ ಕಾರಿಗೆ, ಪ್ರವಾಸಿಗರಿಗೆ ಬಾಡಿಗೆಗೆ ಓಡಿಸುವಂತಹ ಕೆಲವೇ ಸಂದರ್ಭಗಳನ್ನು ಬಿಟ್ಟರೆ, ಸವಕಳಿಯೇ ಇರಲಿಲ್ಲ. ಆ ನಿರ್ಬಂಧ ಹೋದ ಮೇಲೆ ಯಾವ ದೇಶದ ಕಾರಾದರೂ ಒಂದೇ ದರ, ಹಿಂದೆ ಶೇ. 20 ಇದ್ದದ್ದು 2006–07ರ ಕರನಿರ್ಧಾರಣಾ ವರ್ಷದಿಂದ ಶೇ. 15ಕ್ಕೆ ಇಳಿಯಿತು. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಆ ವರ್ಷಕ್ಕೆ ಅದರ ಅರ್ಧ. ಕಾರು ಪಾಲುದಾರನ ಅಥವಾ ನಿರ್ದೇಶಕನ ಹೆಸರಿನಲ್ಲಿ ನೋಂದಣಿಯಾಗಿದ್ದರೂ ಹಣ ಸಂಸ್ಥೆಯದ್ದಾಗಿದ್ದರೆ ಸವಕಳಿ ದೊರೆತ ಉದಾಹರಣೆಗಳಿವೆ. ನಮ್ಮ ರಾಜ್ಯದ ಮೈಸೂರು ಮಿನರಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ‘ಮಾಲೀಕ’ ಎಂಬ ಪದಕ್ಕೆ ಕೊಟ್ಟ ವಿಶಾಲವಾದ ಅರ್ಥವೇ ಅದಕ್ಕೆ ಆಧಾರ. ಆದರೆ ಮಾಲೀಕತ್ವ ಅರ್ಧ ಮಾತು ಮಾತ್ರ. ಉಳಿದರ್ಧ, ಅದು ವ್ಯವಹಾರಕ್ಕಾಗಿ ಬಳಕೆಯಾಗಿರಬೇಕು ಎಂಬುದು. 1961ರ ಕಾಯ್ದೆಯ 38(2)ನೇ ಕಲಮಿನಂತೆ, ವ್ಯವಹಾರಕ್ಕೆ ಪೂರ್ಣವಾಗಿ ಬಳಕೆಯಾಗದ ಆಸ್ತಿಯ ಸವಕಳಿಯನ್ನು ನ್ಯಾಯವಾದ ಪ್ರಮಾಣಕ್ಕೆ ಇಳಿಸಬೇಕು. 2025ರ ಹೊಸ ಕಾಯ್ದೆ ಕಲಮುಗಳ ಸಂಖ್ಯೆಯನ್ನು ಬದಲಿಸಿದೆಯೇ ಹೊರತು ಈ ತತ್ವವನ್ನಲ್ಲ.

ಆ ‘ನ್ಯಾಯವಾದ ಪ್ರಮಾಣ’ವನ್ನು ನಾವು ಹೇಗೆ ನಿರ್ಧರಿಸುತ್ತೇವೆ? ಬಹುತೇಕ ಕಚೇರಿಗಳಲ್ಲಿ ಐದರಲ್ಲಿ ಒಂದು ಭಾಗ ಸ್ವಂತ ಬಳಕೆ ಎಂದು ಕಳೆದುಬಿಡುತ್ತಾರೆ. ಆ ಐದರಲ್ಲೊಂದು ಯಾವ ಲಾಗ್ ಪುಸ್ತಕದಿಂದಲೂ ಬಂದುದಲ್ಲ. ಎಲ್ಲರೂ ಅಷ್ಟೇ ಹಾಕುತ್ತಾರೆ ಎಂಬ ರೂಢಿಯಿಂದ ಬಂದುದು. ಈ ಕಾರಿಗೂ ಅದನ್ನೇ ಹಾಕಿ ಎರಡು ವರ್ಷ ಸಹಿ ಮಾಡಿದವನು ನಾನೇ. ಆ ಎರಡು ವರ್ಷಗಳಲ್ಲಿ ಕಾರು ಕಾರ್ಖಾನೆಯ ಗೇಟಿನೊಳಗೆ ಬಂದದ್ದು ಎರಡು ಬಾರಿ; ಒಂದು ಆಯುಧಪೂಜೆಗೆ, ಇನ್ನೊಂದು ಅದರ ಮರುವರ್ಷದ ಆಯುಧಪೂಜೆಗೆ. ಆ ಬಡಾವಣೆಯ ರಸ್ತೆಯ ಉಬ್ಬುಗಳನ್ನು ದಾಟಲು ಅದರ ತಳಕ್ಕೆ ಸಾಧ್ಯವಿರಲಿಲ್ಲ ಎಂಬುದು ನನಗೂ ತಿಳಿದಿತ್ತು.

ಸವಕಳಿಯಿಂದ ‘ತೆರಿಗೆ ಉಳಿಯುತ್ತದೆ’ ಎಂಬ ಮಾತಿನ ಬೆಲೆ ಎಷ್ಟೆಂದು ಒಮ್ಮೆ ಎಣಿಸಿ ನೋಡೋಣ. ಕಾರಿನ ಬೆಲೆ ಒಂದು ಕೋಟಿ ರೂಪಾಯಿ ಎಂದಿಟ್ಟುಕೊಳ್ಳೋಣ. ಐದು ಪೂರ್ಣ ವರ್ಷಗಳ ಸವಕಳಿ ಕಳೆದರೆ ಪುಸ್ತಕದಲ್ಲಿ ಉಳಿಯುವುದು 44.37 ಲಕ್ಷ; ಖರ್ಚಿಗೆ ಹೋದದ್ದು 55.63 ಲಕ್ಷ. ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್ ಸೇರಿಸಿ ಲೆಕ್ಕ ಹಾಕಿದರೆ, ಒಂದು ರೂಪಾಯಿಯನ್ನೂ ಸ್ವಂತ ಬಳಕೆಯೆಂದು ಕಳೆಯದೆ ಎಲ್ಲವನ್ನೂ ಇಲಾಖೆ ಒಪ್ಪಿದರೂ, ಐದು ವರ್ಷಗಳಲ್ಲಿ ಉಳಿಯುವ ತೆರಿಗೆ 17.36 ಲಕ್ಷ. ಹದಿನೇಳು ಲಕ್ಷ ಉಳಿಸಲೆಂದು ಒಂದು ಕೋಟಿಯನ್ನೂ ಅದರ ಬಡ್ಡಿಯನ್ನೂ ಹೊರಗೆ ಕೊಡುವುದು ಯಾವ ಅಂಗಡಿಯ ಲೆಕ್ಕ? ಅದೇ ಕೋಟಿಗೆ ಯಂತ್ರ ಕೊಂಡಿದ್ದರೂ ಸವಕಳಿ ಅದೇ ಶೇ. 15. ಮೇಲಾಗಿ ಯಂತ್ರದ ಮೇಲೆ ತೆತ್ತ ಜಿ.ಎಸ್.ಟಿ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಮರಳುತ್ತದೆ. ಹದಿಮೂರು ಅಥವಾ ಅದಕ್ಕಿಂತ ಕಡಿಮೆ ಆಸನಗಳ ಪ್ರಯಾಣಿಕ ವಾಹನಕ್ಕೆ 17(5)ನೇ ಕಲಮು ಆ ಬಾಗಿಲನ್ನು ಮುಚ್ಚಿದೆ. ಅಂತಹ ಕಾರಿನ ವಿಮೆ, ದುರಸ್ತಿಗಳ ಮೇಲಿನ ತೆರಿಗೆಯೂ ಹಾಗೆಯೇ. ಕಾರಿನ ವ್ಯಾಪಾರಿ, ಪ್ರಯಾಣಿಕರ ಸಾರಿಗೆ ನಡೆಸುವವರು, ಚಾಲನಾ ತರಬೇತಿ ಶಾಲೆಯವರಿಗೆ ಮಾತ್ರ ವಿನಾಯಿತಿ.

ಹೊಸ ಕಾರಾದರೆ ಸುಂಕದ ಮಾತೇ ಬೇರೆ. 40,000 ಡಾಲರ್‌ಗಿಂತ ಹೆಚ್ಚು ಬೆಲೆಯ, ಪೂರ್ಣವಾಗಿ ಜೋಡಣೆಯಾಗಿ ಬರುವ ಕಾರಿನ ಮೂಲ ಸುಂಕವನ್ನು 2025ರ ಮುಂಗಡಪತ್ರ ಶೇ. 70ಕ್ಕೆ ಇಳಿಸಿತು, ಆದರೆ ಶೇ. 40 ಕೃಷಿ ಮೂಲಸೌಕರ್ಯ ಸೆಸ್ ಸೇರಿಸಿದ್ದರಿಂದ ಒಟ್ಟು ಭಾರ ಶೇ. 110 ಆಗಿಯೇ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಶೇ. 40 ಜಿ.ಎಸ್.ಟಿ.ಯನ್ನು ಅದರ ಮೇಲೆ ಹಾಕಿದರೆ, ಹಡಗಿನಿಂದ ಇಳಿಯುವಾಗ ಒಂದು ಕೋಟಿ ಇದ್ದ ಕಾರು ಬಂದರಿನ ಗೇಟು ದಾಟುವಾಗ 2.94 ಕೋಟಿ. ಬ್ರಿಟನ್ನಿನೊಡನೆ 2025ರ ಜುಲೈಯಲ್ಲಿ ಸಹಿಯಾದ ಒಪ್ಪಂದದಲ್ಲಿ ನಿಗದಿತ ಸಂಖ್ಯೆಯ ಕಾರುಗಳಿಗೆ ಹಂತ ಹಂತವಾಗಿ ಸುಂಕ ಇಳಿಸುವ ಮಾತಿದೆ; ಆದರೂ ರಾಜ್ಯದ ಆಜೀವ ತೆರಿಗೆ ಇದ್ದೇ ಇದೆ. 20 ಲಕ್ಷ ಮೀರಿದ ಕಾರಿಗೆ ನಮ್ಮಲ್ಲಿ ಶೇ. 18ರ ದರ ಬಹುಕಾಲದಿಂದ ನಡೆದುಬಂದಿದೆ. ಅದನ್ನು ತಪ್ಪಿಸಲು ಹೊರರಾಜ್ಯದ ನೋಂದಣಿಯಲ್ಲಿ ಓಡಿಸುತ್ತಿದ್ದ ಫೆರಾರಿ ಕಾರೊಂದಕ್ಕೆ 2025ರ ಜುಲೈಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ದಂಡಸಹಿತ ಸುಮಾರು 1.42 ಕೋಟಿ ರೂಪಾಯಿ ವಸೂಲು ಮಾಡಿದ ಸುದ್ದಿಯನ್ನು ತಾವೆಲ್ಲರೂ ಓದಿರುತ್ತೀರಿ. ಉಡುಗೊರೆಯಾಗಿ ಬಂದ ಫೆರಾರಿಗೆ ಸುಂಕ ವಿನಾಯಿತಿ ದೊರೆತಾಗ ಸಚಿನ್ ತೆಂಡೂಲ್ಕರ್ ಅವರಂತಹವರೇ ಟೀಕೆಗೆ ಗುರಿಯಾಗಿ, ಕೊನೆಗೆ 2003ರಲ್ಲಿ ಫಿಯಟ್ ಸಂಸ್ಥೆಯೇ ಆ ಸುಂಕದ ಹೊಣೆ ಹೊರಬೇಕಾಗಿ ಬಂತು. ಈ ಬಗೆಯ ಕಾರಿನ ಮೇಲೆ ಎಲ್ಲರ ಕಣ್ಣಿರುತ್ತದೆ, ಇಲಾಖೆಯದ್ದೂ ಸೇರಿ.

ಮತ್ತೆ ನಮ್ಮ ಸಹೋದರರ ಕಥೆಗೆ ಬರೋಣ. 2024ರ ಜನವರಿಯಲ್ಲಿ ಕಿರಿಯರು, “ಒಂದು ಸಲ ಬಂದು ನೋಡಿ ಸಾರ್, ಆಮೇಲೆ ಮಾತಾಡಿ” ಎಂದು ನೆರೆರಾಜ್ಯದ ಟ್ರ್ಯಾಕೊಂದಕ್ಕೆ ನನ್ನನ್ನು ಕರೆದೊಯ್ದರು. ಕಾರು ಮುಚ್ಚಿದ ಲಾರಿಯಲ್ಲಿ ಹಿಂದಿನ ರಾತ್ರಿಯೇ ಹೋಗಿತ್ತು. ನಾನು ಇಂತಹವುಗಳನ್ನು ಹಣವಂತರ ಹುಚ್ಚಾಟವೆಂದು ತಿಳಿದಿದ್ದವನು. ಆದರೆ ಅಲ್ಲಿ ಕಂಡದ್ದು ಬೇರೆ. ಬೆಳಿಗ್ಗೆ ಏಳೂವರೆಗೆ ಎಲ್ಲರನ್ನೂ ಶಾಲೆಯ ಮಕ್ಕಳಂತೆ ಕೂರಿಸಿ ಬಾವುಟಗಳ ಪಾಠ: ಹಳದಿಗೆ ನಿಧಾನ, ಯಾರನ್ನೂ ಹಿಂದೆ ಹಾಕುವಂತಿಲ್ಲ, ಕೆಂಪಿಗೆ ಓಟ ನಿಂತಿತು, ಮೆಲ್ಲನೆ ಒಳಗೆ ಬನ್ನಿ, ನೀಲಿ ಕಂಡರೆ ಹಿಂದಿನವನಿಗೆ ದಾರಿ ಬಿಡಿ. ಹೆಲ್ಮೆಟ್, ಚಕ್ರದ ನಟ್ಟು, ಟೈರಿನ ಗಾಳಿ, ಎಣ್ಣೆ ಸೋರಿಕೆ – ಒಂದೊಂದನ್ನೂ ತಪಾಸಣೆ ಮಾಡಿದರು. ಕಾರಿನೊಳಗೆ ಸಡಿಲವಾಗಿ ಏನೂ ಇರಕೂಡದೆಂದು ನನ್ನ ಕನ್ನಡಕದ ಪೆಟ್ಟಿಗೆಯನ್ನೂ ತೆಗೆಸಿದರು. ನಮ್ಮ ಎಷ್ಟು ಕಾರ್ಖಾನೆಗಳಲ್ಲಿ ಪಾಳಿ ಆರಂಭವಾಗುವ ಮೊದಲು ಇಷ್ಟು ಶಿಸ್ತಿನ ತಪಾಸಣೆ ನಡೆಯುತ್ತದೆ ಎಂಬ ಪ್ರಶ್ನೆ ನನ್ನ ಮನಸ್ಸಿಗೆ ಬಾರದಿರಲಿಲ್ಲ.

ಬೆಳಗಿನ ಒಂದು ಸರದಿಯಲ್ಲಿ ಪಕ್ಕದ ಆಸನದಲ್ಲಿ ನಾನೂ ಕುಳಿತೆ. ಅಲ್ಲಿ ಕಷ್ಟವೆಂದರೆ ವೇಗವಲ್ಲ, ವೇಗವನ್ನು ಇಳಿಸುವುದು. ಸುಮಾರು 1,500 ಕಿಲೋ ತೂಕದ ಕಾರು ಗಂಟೆಗೆ 200 ಕಿ.ಮೀ. ವೇಗದಿಂದ 80ಕ್ಕೆ ಒಮ್ಮೆ ಇಳಿದರೆ ಬ್ರೇಕುಗಳು ನುಂಗುವ ಶಾಖ ಆರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಅದೂ ಕೆಲವೇ ಸೆಕೆಂಡುಗಳಲ್ಲಿ. ಪ್ರತಿ ಸುತ್ತಿನಲ್ಲೂ ಮತ್ತೆ ಮತ್ತೆ. ತಿರುವಿನೊಳಗೆ ನಿಧಾನವಾಗಿ ಹೋಗಿ ಹೊರಗೆ ಬರುವಾಗ ವೇಗ ಪಡೆಯಬೇಕೆಂದು ತರಬೇತುದಾರರು ಹತ್ತು ಸಲ ಹೇಳಿದ್ದರು. ಪಕ್ಕದಲ್ಲಿ ಕುಳಿತು ನೋಡಿದಾಗ, ಸದಾ ಎರಡು ಮೊಬೈಲ್‌ಗಳಲ್ಲಿ ಏಕಕಾಲಕ್ಕೆ ಮಾತಾಡುವ ಈ ಮನುಷ್ಯ ಇಪ್ಪತ್ತು ನಿಮಿಷ ಒಂದೇ ಕೆಲಸದಲ್ಲಿ ಮುಳುಗಿದ್ದುದನ್ನು ನಾನು ಮೊದಲ ಬಾರಿ ಕಂಡೆ. ಇಳಿದಾಗ ನನ್ನ ಮೊಣಕಾಲು ನಡುಗುತ್ತಿತ್ತು, ಆದರೆ ಇನ್ನೊಂದು ಸರದಿಗೆ ಕೂರುವ ಆಸೆ ನನಗೂ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಮಧ್ಯಾಹ್ನದ ಸರದಿಗೆ ಅವರೊಬ್ಬರೇ ಹೋದರು. ನಾಲ್ಕನೆಯ ಸುತ್ತಿನಲ್ಲಿ ಬ್ರೇಕಿನ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಯಿತು. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿದ್ದರೆ, ತೇವ ಹೀರಿದ ದ್ರವಕ್ಕೆ ಆ ಮಿತಿ 155ಕ್ಕೆ ಇಳಿದಿರುತ್ತದೆ. ಕುದಿದರೆ ಕೊಳವೆಯಲ್ಲಿ ಆವಿ, ಆವಿಯಿದ್ದರೆ ಬ್ರೇಕಿಲ್ಲ. ಕೊಂಡಂದಿನಿಂದ ಆ ಕಾರಿನ ದ್ರವವನ್ನು ಬದಲಿಸಿರಲಿಲ್ಲ. ಒಂದು ಕೋಟಿಯ ಕಾರಿನಲ್ಲಿ ಕೆಲವೇ ಸಾವಿರ ರೂಪಾಯಿಯ ಕೆಲಸ ಬಾಕಿಯಿತ್ತು. ಟೈರುಗಳ ತಡೆಗೋಡೆಗೆ ಕಾರಿನ ಮುಂಭಾಗ ಬಡಿಯಿತು. ದೇವರ ದಯೆಯಿಂದ ಅವರಿಗೆ ಭುಜದ ನೋವು ಬಿಟ್ಟರೆ ಏನೂ ಆಗಲಿಲ್ಲ. ರೇಡಿಯೇಟರ್‌ಗಳು, ಮುಂದಿನ ಸಸ್ಪೆನ್ಷನ್, ಎರಡು ಚಕ್ರಗಳು, ಒಂದು ಬ್ರೇಕ್ ತಟ್ಟೆ ಹೋದವು. ಮುಂದೆ ಬಂದ ಅಂದಾಜು ಪಟ್ಟಿ ಮೂವತ್ತು ಲಕ್ಷ ದಾಟಿತು.

ಕಾರನ್ನು ಲಾರಿಗೆ ಏರಿಸುವಾಗ ಜೊತೆಯಲ್ಲಿ ಬಂದಿದ್ದವರೊಬ್ಬರು ಹತ್ತಿರ ಬಂದು, “ಹೆದ್ದಾರಿ ಇಲ್ಲೇ ಪಕ್ಕದಲ್ಲಿದೆ. ಅಲ್ಲಿ ಇಳಿಸಿ ಫೋಟೋ ತೆಗೆಸಿ, ನಾಯಿ ಅಡ್ಡ ಬಂತು ಅನ್ನಿ. ಎಲ್ಲರೂ ಮಾಡುವುದೇ” ಎಂದರು. ಕಿರಿಯರು ನನ್ನ ಮುಖ ನೋಡಿದರು. ನಾನು ಆ ಕ್ಷಣವೇ ‘ಕೂಡದು’ ಎಂದೆನೆಂದು ಬರೆದುಕೊಳ್ಳಬಹುದಿತ್ತು, ಆದರೆ ಹಾಗಾಗಲಿಲ್ಲ. ವಿಮೆ ಸಿಗದಿದ್ದರೆ ನಷ್ಟ ಸಂಸ್ಥೆಯ ಪುಸ್ತಕಕ್ಕೆ ಬರುತ್ತದೆ, ಹಿರಿಯರು ಕೇಳುತ್ತಾರೆ, ಆ ಕಾರು ಸಂಸ್ಥೆಯ ಪುಸ್ತಕದಲ್ಲಿ ಏಕಿದೆ ಎಂಬ ಪ್ರಶ್ನೆ ನನ್ನ ಸಹಿಯವರೆಗೆ ಬರುತ್ತದೆ ಎಂದು ನನ್ನ ಮನಸ್ಸೂ ಲೆಕ್ಕ ಹಾಕಿತು. ನಾನು ಸುಮ್ಮನೆ ನಿಂತಿದ್ದೆ. ಅಷ್ಟರಲ್ಲಿ ಕಿರಿಯರೇ ಫೋನು ತೆಗೆದು, “ಅಣ್ಣಾ, ಟ್ರ್ಯಾಕಿನಲ್ಲಿ ಕಾರು ಗುದ್ದಿದೆ. ನನಗೇನೂ ಆಗಿಲ್ಲ” ಎಂದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: “ಮೊದಲು ಊಟ ಮಾಡು. ಉಳಿದದ್ದು ನಾಳೆ.”

ಸುಳ್ಳು ಕ್ಲೇಮು ಸಲ್ಲಿಸಿದ್ದರೆ ಅದು ಆಗ ಜಾರಿಯಲ್ಲಿದ್ದ ದಂಡ ಸಂಹಿತೆಯ 420ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆಯ ಅಪರಾಧ. ಅವರು ನಡೆದುದನ್ನು ನಡೆದಂತೆ ಬರೆದು ವಿಮಾ ಕಂಪನಿಗೆ ಕಳುಹಿಸಿದರು. ನಿರೀಕ್ಷಿಸಿದಂತೆ ತಿರಸ್ಕಾರ ಪತ್ರ ಬಂತು. ನಮ್ಮ ಖಾಸಗಿ ಕಾರುಗಳ ಪಾಲಿಸಿಯಲ್ಲಿ ‘ಬಳಕೆಯ ಮಿತಿಗಳು’ ಎಂಬ ಸಾಲೊಂದಿದೆ; ಬಾಡಿಗೆಗೆ ಓಡಿಸುವುದು, ಸರಕು ಸಾಗಣೆ, ಸಂಘಟಿತ ರೇಸು, ವೇಗ ಪರೀಕ್ಷೆ, ಸಾಮರ್ಥ್ಯ ಪರೀಕ್ಷೆಗಳು – ಇವುಗಳಲ್ಲಿ ಬಳಸಿದಾಗ ವಿಮೆ ಇಲ್ಲ. ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ವಿಷಯದಲ್ಲೂ ಸಂಘಟಿತ ರೇಸು ಮತ್ತು ವೇಗ ಪರೀಕ್ಷೆಯ ಆಧಾರದ ಮೇಲೆ ಹೊಣೆ ನಿರಾಕರಿಸಲು ಮೋಟಾರು ವಾಹನ ಕಾಯ್ದೆಯ 150(2)ನೇ ಕಲಮು ವಿಮಾ ಕಂಪನಿಗೆ ಅವಕಾಶ ಕೊಡುತ್ತದೆ. ಟ್ರ್ಯಾಕ್ ಡೇ ರೇಸಲ್ಲ ಎಂದು ವಾದಿಸಬಹುದು, ನಾನೂ ವಾದಿಸಿದೆ. ‘ವೇಗ ಪರೀಕ್ಷೆ’ ಎಂಬ ಎರಡು ಪದಗಳ ಮುಂದೆ ಆ ವಾದ ದುರ್ಬಲ. ಹೋಗುವ ಮೊದಲೇ ಕಂಪನಿಯಿಂದ ಲಿಖಿತ ಉತ್ತರ ಪಡೆಯುವುದೊಂದೇ ಸುರಕ್ಷಿತ ಮಾರ್ಗ.

ಇದಕ್ಕಿಂತ ಗಂಭೀರವಾದ ಇನ್ನೊಂದು ಅಂಶ ಬಹಳ ಮಂದಿಗೆ ತಿಳಿದಿಲ್ಲ. 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ದೊರೆಯುವುದು ವ್ಯಕ್ತಿಯೇ ಮಾಲೀಕನಾಗಿದ್ದಾಗ ಮಾತ್ರ. ಕಾರು ಪಾಲುದಾರಿಕೆ ಸಂಸ್ಥೆಯ ಅಥವಾ ಕಂಪನಿಯ ಹೆಸರಿನಲ್ಲಿದ್ದರೆ ಆ ರಕ್ಷಣೆಯೇ ಇರುವುದಿಲ್ಲ. ಟ್ರ್ಯಾಕಿನಲ್ಲಿ ಮಾತ್ರವಲ್ಲ, ದಿನನಿತ್ಯದ ರಸ್ತೆಯಲ್ಲೂ. ಸವಕಳಿಯ ಆಸೆಗೆ ಸಂಸ್ಥೆಯ ಹೆಸರಿನಲ್ಲಿ ಕೊಂಡವರು ತಮ್ಮ ಹೆಂಡತಿ ಮಕ್ಕಳಿಗೆ ಸಿಗಬೇಕಾದ ರಕ್ಷಣೆಯನ್ನು ಬಿಟ್ಟುಕೊಟ್ಟಿರುತ್ತಾರೆ. ಪ್ರತ್ಯೇಕ ಅಪಘಾತ ಪಾಲಿಸಿ ಇದ್ದವರೂ ಅದರಲ್ಲಿ ಮೋಟಾರು ಓಟದ ಹೊರತು ಎಂಬ ಷರತ್ತು ಇದೆಯೇ ಎಂದು ನೋಡಬೇಕು. ಜೀವವಿಮೆಯ ಅರ್ಜಿಯಲ್ಲಿ ಅಪಾಯಕಾರಿ ಹವ್ಯಾಸಗಳ ಬಗ್ಗೆ ಪ್ರಶ್ನೆಯಿದ್ದರೆ ಅದಕ್ಕೆ ಏಜೆಂಟರು ‘ಇಲ್ಲ’ ಎಂದು ತಾವೇ ಗೀಚಿರುತ್ತಾರೆ; ಅದನ್ನೂ ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಮುಂದೆ ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಕಾರನ್ನು ಇದ್ದ ಸ್ಥಿತಿಯಲ್ಲಿ ಮಾರಿದರು. ನಷ್ಟವನ್ನು ಸಂಸ್ಥೆಯ ಲಾಭ-ನಷ್ಟದ ಲೆಕ್ಕಕ್ಕೆ ಒಯ್ಯದೆ ಕಿರಿಯರ ಬಂಡವಾಳ ಖಾತೆಗೆ ಡೆಬಿಟ್ ಮಾಡಲಾಯಿತು. ಹಿರಿಯರು ಇದನ್ನು ಕೇಳಲಿಲ್ಲ, ಕಿರಿಯರೇ ಬರೆದುಕೊಟ್ಟರು. ಹಿಂದಿನ ಎರಡು ವರ್ಷಗಳ ಸವಕಳಿ, ವಿಮೆ, ಸಾಲದ ಬಡ್ಡಿಗಳನ್ನು ಕಳೆದು ಹೊಸದಾಗಿ ಲೆಕ್ಕ ಹಾಕಿ, 139(8ಎ) ಕಲಮಿನಡಿ ಅಪ್‌ಡೇಟೆಡ್ ರಿಟರ್ನ್ ಸಲ್ಲಿಸಿ, ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ. 25 ಹೆಚ್ಚುವರಿ ತೆತ್ತೆವು. ಆ ಎರಡೂ ರಿಟರ್ನ್‌ಗಳ ಕೆಲಸಕ್ಕೆ ನಾನು ಶುಲ್ಕ ಪಡೆಯಲಿಲ್ಲ, ಪಡೆಯುವ ಮುಖವಿರಲಿಲ್ಲ. ಸಿ.ಎನ್.ಸಿ. ಯಂತ್ರ ಬಂದದ್ದು 2025ರಲ್ಲಿ, ಮೂರು ವರ್ಷ ತಡವಾಗಿ. ಆ ವೇಳೆಗೆ ಒಬ್ಬ ಗ್ರಾಹಕರು ತಮ್ಮ ಕೆಲಸವನ್ನು ಬೇರೆ ಘಟಕಕ್ಕೆ ಕೊಟ್ಟಾಗಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಟ್ರ್ಯಾಕಿಗೆ ಹೋಗಬೇಡಿ ಎನ್ನುತ್ತೇನೆಂದು ಓದುಗರು ಭಾವಿಸಿದರೆ ಅದು ನನ್ನ ಅಭಿಪ್ರಾಯವಲ್ಲ. ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ದಾರಿಯಲ್ಲಿ ಹಾಲಿನ ವ್ಯಾನು, ಸೈಕಲ್ಲಿನವರ ನಡುವೆ ವೇಗ ಪರೀಕ್ಷಿಸುವವರಿಗಿಂತ ಟ್ರ್ಯಾಕಿಗೆ ಹೋಗುವವರು ಸಾವಿರ ಪಾಲು ಮೇಲು. ಸಾರ್ವಜನಿಕ ಸ್ಥಳದಲ್ಲಿ ಅನುಮತಿಯಿಲ್ಲದೆ ರೇಸ್ ನಡೆಸಿದರೆ 189ನೇ ಕಲಮಿನಂತೆ 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೇ ಮೂರು ತಿಂಗಳವರೆಗೆ ಸೆರೆಮನೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ಅಡ್ಡ ಬಂದವರ ಪ್ರಾಣಕ್ಕೆ ಯಾವ ಕಲಮೂ ಪರಿಹಾರವಲ್ಲ. ಕಷ್ಟಪಟ್ಟು ದುಡಿದವನು ತೆರಿಗೆ ಕಟ್ಟಿದ ಮೇಲೆ ಉಳಿದ ತನ್ನ ಹಣದಲ್ಲಿ ತನಗಿಷ್ಟವಾದ ಕಾರು ಕೊಂಡರೆ ಅದನ್ನು ಪ್ರಶ್ನಿಸುವ ಅಧಿಕಾರ ಆಡಿಟರನಿಗಿಲ್ಲ. ನನ್ನ ತಕರಾರು ಇರುವುದು ಡ್ರಾಯಿಂಗ್ಸ್ ಖಾತೆಗೆ ಹೋಗಬೇಕಾದದ್ದು ಸಂಸ್ಥೆಯ ಸ್ಥಿರಾಸ್ತಿಯ ಪಟ್ಟಿಯಲ್ಲಿ ಕುಳಿತಿರುವುದರ ಬಗ್ಗೆ.

ಟ್ರ್ಯಾಕಿನ ವೆಚ್ಚ ವ್ಯವಹಾರದ ವೆಚ್ಚವೇ ಆಗಿರುವ ಸಂದರ್ಭಗಳಿಲ್ಲವೆಂದಲ್ಲ. ಎಂ.ಆರ್.ಎಫ್., ಜೆ.ಕೆ. ಟೈರ್ ಸಂಸ್ಥೆಗಳು ದಶಕಗಳಿಂದ ರೇಸುಗಳಿಗೆ ಹಣ ಹಾಕುತ್ತ ಬಂದಿರುವುದು ಟೈರಿನ ಪ್ರಚಾರಕ್ಕಾಗಿ. ನಮ್ಮ ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆಯಿರುವ ಟಿ.ವಿ.ಎಸ್. ಸಂಸ್ಥೆ 1982ರಿಂದ ರೇಸಿಂಗ್ ತಂಡವನ್ನು ನಡೆಸುತ್ತಿದೆ; ಅಲ್ಲಿ ಕಲಿತದ್ದು ಮಾರಾಟದ ಬೈಕಿಗೆ ಇಳಿಯುತ್ತದೆ. ಕೊಯಮತ್ತೂರಿನ ಜವಳಿ ಗಿರಣಿ ಮನೆತನದ ಎಸ್. ಕರಿವರ್ಧನ್ ಅವರು ಮಾರುತಿ 800ರ ಎಂಜಿನ್ ಬಳಸಿ ‘ಫಾರ್ಮುಲಾ ಮಾರುತಿ’ ಎಂಬ ಅಗ್ಗದ ರೇಸ್ ಕಾರನ್ನೇ ತಯಾರಿಸಿದರು. ಮುಂದೆ 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾದ ನರೇನ್ ಕಾರ್ತಿಕೇಯನ್ ತಮ್ಮ ಮೊದಲ ಓಟ ಓಡಿದ್ದು ಅಂತಹ ಕಾರಿನಲ್ಲಿ. ಇಂದಿನ ಕೊಯಮತ್ತೂರಿನ ಟ್ರ್ಯಾಕಿಗೆ ಅವರದೇ ಹೆಸರು. ನಮ್ಮ ಸದಸ್ಯರಲ್ಲಿ ಬ್ರೇಕ್ ಪ್ಯಾಡ್, ಫೋರ್ಜಿಂಗ್, ರಬ್ಬರ್ ಬುಷ್ ತಯಾರಿಸುವವರಿದ್ದಾರೆ. ತಮ್ಮದೇ ಉತ್ಪನ್ನವನ್ನು ಕಾರಿಗೆ ಅಳವಡಿಸಿ, ಉಷ್ಣಾಂಶ, ಸವೆತ ದಾಖಲಿಸಿ, ವರದಿ ಬರೆದಿಟ್ಟರೆ ಆ ದಿನದ ಬಾಡಿಗೆಯನ್ನು ನಾನು ಕಣ್ಣು ಮುಚ್ಚಿ ಸಂಶೋಧನಾ ವೆಚ್ಚಕ್ಕೆ ಹಾಕುತ್ತೇನೆ. ಚೀಲ ಹೊಲಿಯುವ ಕಾರ್ಖಾನೆಯವರು ಅದೇ ರಸೀದಿ ತಂದರೆ ಹಾಕಲಾರೆ. ಇನ್ನು ಮುಂದಂತೂ ಸ್ವಂತ ಸ್ವರೂಪದ ವೆಚ್ಚವನ್ನು ನಮೂದಿಸಬೇಕಾದ ಜಾಗದಲ್ಲಿ ‘ಇಲ್ಲ’ ಎಂದು ಬರೆಯುವ ಮೊದಲು ಕಾರಿನ ಲಾಗ್ ಪುಸ್ತಕ ಕೇಳುತ್ತೇನೆ. ಕೇಳಿದಾಗ ದಯವಿಟ್ಟು ಬೇಸರಿಸಬೇಡಿ.

ಕೊನೆಯದಾಗಿ ನಮ್ಮ ಸಂಸ್ಥೆಯ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ಬ್ರಿಟನ್ನಿನಲ್ಲಿ ಟ್ರ್ಯಾಕ್ ಡೇಗೆಂದೇ ಒಂದು ದಿನದ ಮಟ್ಟಿಗೆ ಪ್ರತ್ಯೇಕ ವಿಮೆ ಕೊಳ್ಳುವ ವ್ಯವಸ್ಥೆಯಿದೆ. ನಮ್ಮ ಹಳೆಯ ಮೋಟಾರು ದರಪಟ್ಟಿಯಲ್ಲಿಯೂ ರ‍್ಯಾಲಿಗಳಿಗೆ ಹೆಚ್ಚುವರಿ ಪ್ರೀಮಿಯಂ ಪಡೆದು ವಿಮೆ ವಿಸ್ತರಿಸುವ ಷರತ್ತೊಂದು ಇದ್ದೇ ಇತ್ತು. ಆ ಮಾದರಿಯಲ್ಲಿ ಹವ್ಯಾಸಿಗಳಿಗೆ ಒಂದು ದಿನದ ರಕ್ಷಣೆ ನೀಡುವಂತೆ ವಿಮಾ ಕಂಪನಿಗಳೊಡನೆ ನಮ್ಮ ಸಂಸ್ಥೆ ಪತ್ರವ್ಯವಹಾರ ಆರಂಭಿಸಬಹುದು. ಕಾರು ಸಂಸ್ಥೆಯ ಹೆಸರಿನಲ್ಲಿರುವ ಸದಸ್ಯರು ತಮ್ಮ ಪಾಲಿಸಿಯ ‘ಬಳಕೆಯ ಮಿತಿಗಳು’ ಇರುವ ಪುಟದ ಪ್ರತಿಯನ್ನು, ಹೆಸರು ಮರೆಮಾಡಿ, ಕಚೇರಿಗೆ ತಲುಪಿಸಿದರೆ ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಅವುಗಳನ್ನು ಒಟ್ಟಿಗೆ ಇಟ್ಟು ಚರ್ಚಿಸಲು ನಾನು ಸಿದ್ಧನಿದ್ದೇನೆ. ಕಿರಿಯ ಸಹೋದರರು ತಮಗೆ ಬಂದ ತಿರಸ್ಕಾರ ಪತ್ರವನ್ನು ಕೊಡಲು ಈಗಾಗಲೇ ಒಪ್ಪಿದ್ದಾರೆ.